ಪಕ್ಕದ ಸೀಟಿನ ಮಿಸ್ಟರ್ ಚೆಲ್ಲೋ

ರಾಜಮನೆತನದ ಮದುವೆಯನ್ನು ಯಾರೂ ಸಂಗೀತ ಕೇಳಲಿಕ್ಕೆಂದು ಟಿವಿಯಲ್ಲಿ ನೋಡುವುದಿಲ್ಲ. 2018ರ ಮೇ 19ರಂದು ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಗನ್ ಮದುವೆ ನಡೆದಾಗ ನಮ್ಮನೆಯಲ್ಲಿ ಎದ್ದ ಚರ್ಚೆ ಒಂದೇ: ಮದುಮಗಳ ತಲೆಯಿಂದ ನೆಲದವರೆಗೆ ಇಳಿದು, ಅಲ್ಲಿಗೂ ನಿಲ್ಲದೆ ಬಾಗಿಲತನಕ ಹರಿದ ಆ ಬಿಳಿ ಬಟ್ಟೆಯನ್ನು ಆಮೇಲೆ ಒಗೆಯುವವರು ಯಾರು? ಅಷ್ಟರಲ್ಲಿ ವಧೂವರರು ರಿಜಿಸ್ಟರಿಗೆ ಸಹಿ ಹಾಕಲು ಹೊರಟರು. ನಮ್ಮ ಮದುವೆಗಳಲ್ಲಾದರೆ ಇಂಥ ಬಿಡುವಿನಲ್ಲಿ ಓಲಗದವರು ಕಾಫಿಗೆ ಏಳುತ್ತಾರೆ. ಅಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಮಂಡಿಗಳ ನಡುವೆ ದೊಡ್ಡ ವಾದ್ಯವೊಂದನ್ನು ನಿಲ್ಲಿಸಿಕೊಂಡು ನುಡಿಸತೊಡಗಿದ.

"ಇದು ಪಿಟೀಲಿನ ಅಪ್ಪನೇನೋ?" ಎಂದರು ಸೋದರತ್ತೆ.

"ಹೌದತ್ತೆ, ಚೆಲ್ಲೋ ಅಂತ. ಅಜ್ಜ ಇನ್ನೂ ದೊಡ್ಡವನು, ಡಬಲ್ ಬಾಸ್."

"ಇದನ್ನ ಮನೆಗೆ ಹೇಗೆ ತಗೊಂಡು ಹೋಗ್ತಾನೋ ಪಾಪ!"

ಫೋರೆ, ಶೂಬರ್ಟ್ ಅವರ ಕೃತಿಗಳೆಲ್ಲ ಮುಗಿದರೂ ನನ್ನ ತಲೆಯಲ್ಲಿ ಉಳಿದದ್ದು ಅತ್ತೆಯ ಈ ಪ್ರಶ್ನೆಯೇ. ಆ ಹುಡುಗನ ಹೆಸರು ಶೇಕು ಕಾನೆ-ಮೇಸನ್. ಅವನ ಏಳಿಗೆಯ ಕಥೆ ಓದುತ್ತ ಹೋದಂತೆ ಅತ್ತೆ ವಿಮರ್ಶಕರಿಗಿಂತ ಮುಂದಿದ್ದರು ಅನ್ನಿಸಿತು. ಚೆಲ್ಲೋ ವಾದಕನ ಬಾಳಿನಲ್ಲಿ ಅರ್ಧ ಕಲೆ, ಉಳಿದರ್ಧ ಲಗೇಜು.

ಶೇಕು ಹುಟ್ಟಿದ್ದು 1999ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ತಂದೆಯ ಮೂಲ ಆಂಟಿಗುವಾ, ತಾಯಿ ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿದವರು. ಮಕ್ಕಳು ಏಳು, ಏಳೂ ಸಂಗೀತಕ್ಕೇ ಬಿದ್ದವರು. ಒಂದು ಕೋಣೆಯಲ್ಲಿ ಪಿಯಾನೋ, ಇನ್ನೊಂದರಲ್ಲಿ ಪಿಟೀಲು, ಮತ್ತೊಂದರಲ್ಲಿ ಚೆಲ್ಲೋ. ತಾಯಿ ಈ ಮನೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಪಕ್ಕದ ಮನೆಯವರೂ ಒಂದು ಬರೆದಿದ್ದರೆ ನಾನು ಅದನ್ನು ಮೊದಲು ಕೊಳ್ಳುತ್ತಿದ್ದೆ. ಆರಕ್ಕೆ ಚೆಲ್ಲೋ ಹಿಡಿದವನು ಒಂಬತ್ತಕ್ಕೆ ಸಂಗೀತ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಸಿದ. ನಮ್ಮಲ್ಲಿ ಆ ವಯಸ್ಸಿಗೆ ಜೂನಿಯರ್ ಪರೀಕ್ಷೆ ಕಟ್ಟಿಸಲೋ ಬೇಡವೋ ಎಂದು ಅಪ್ಪ-ಅಮ್ಮ ಇನ್ನೂ ಜಗಳವಾಡುತ್ತಿರುತ್ತಾರೆ. 2016ರಲ್ಲಿ ಸಂಗೀತ ರಚನೆಕಾರ ಶಸ್ತಕೋವಿಚ್‌ನ ಮೊದಲನೇ ಚೆಲ್ಲೋ ಕಂಚೆರ್ಟೋ ನುಡಿಸಿ ಬಿಬಿಸಿಯ ಯುವ ಸಂಗೀತಗಾರ ಸ್ಪರ್ಧೆ ಗೆದ್ದ. 1978ರಿಂದ ನಡೆದು ಬಂದ ಆ ಸ್ಪರ್ಧೆಯಲ್ಲಿ ಕಪ್ಪು ವರ್ಣೀಯರೊಬ್ಬರು ಗೆದ್ದದ್ದು ಅದೇ ಮೊದಲು. ಆಮೇಲೆ ವಿಂಡ್ಸರ್, 2020ರಲ್ಲಿ 'ಎಲ್ಗಾರ್' ಎಂಬ ಆಲ್ಬಮ್, ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಪಾಪ್ ಗಾಯಕರ ನಡುವೆ ನುಗ್ಗಿ ಮೊದಲ ಹತ್ತರೊಳಗೆ ಜಾಗ. ಹಿಂದೆ ಯಾವ ಚೆಲ್ಲೋ ವಾದಕನಿಗೂ ಆ ಪಟ್ಟಿಯಲ್ಲಿ ಅಷ್ಟು ಮೇಲೆ ಕೂರುವ ಯೋಗ ಬಂದಿರಲಿಲ್ಲ.

ಪಟ್ಟಿಯಲ್ಲಿ ಜಾಗ ಸಿಕ್ಕೀತು. ವಿಮಾನದಲ್ಲಿ ಸಿಗುವುದು ಕಷ್ಟ.

ಶೇಕು ನುಡಿಸುವ ಚೆಲ್ಲೋವನ್ನು ವೆನಿಸ್ಸಿನ ಮತ್ತೆಯೋ ಗೊಫ್ರಿಲ್ಲರ್ ಮಾಡಿದ್ದು 1700ರಲ್ಲಿ. ಬೇರೆಯವರು ನಂಬಿಕೆಯ ಮೇಲೆ ಬಳಸಲು ಕೊಟ್ಟದ್ದು. ಇಂಥ ವಾದ್ಯ ತೆಳು ಹಲಗೆ, ಅಂಟುಗಳ ಸಂಸಾರ. ಸೂಟ್‌ಕೇಸುಗಳ ಜೊತೆ ವಿಮಾನದ ಹೊಟ್ಟೆಗೆ ಹಾಕಿದರೆ ಚಳಿಗೆ ಬಿರುಕು ಬಿಟ್ಟೀತು, ಎತ್ತಿ ಒಗೆಯುವವರ ಕೈಯಲ್ಲಿ ಕತ್ತು ಮುರಿದೀತು. ಆದ್ದರಿಂದ ಅದಕ್ಕೂ ಪೂರ್ತಿ ಟಿಕೆಟ್ ಕೊಳ್ಳಬೇಕು. ಕಿಟಕಿ ಪಕ್ಕದ ಸೀಟು, ಸೊಂಟಕ್ಕೆ ಬೆಲ್ಟು. ಮುನ್ನೂರು ದಾಟಿದ ವೃದ್ಧನಾದರೂ ಹಿರಿಯ ನಾಗರಿಕರ ರಿಯಾಯಿತಿ ಇಲ್ಲ. ಕಿಟಕಿಯಿಂದ ಆಲ್ಪ್ಸ್ ಪರ್ವತ ನೋಡುವ ಭಾಗ್ಯ ಪೆಟ್ಟಿಗೆಗೆ, ಎದ್ದು ಕೂರುವವರ ಮೊಣಕೈ ತಿವಿತ ಕಲಾವಿದನಿಗೆ.

ದುಡ್ಡು ಕೊಟ್ಟ ಮೇಲಾದರೂ ನೆಮ್ಮದಿಯೇ? 2024ರ ಡಿಸೆಂಬರಿನಲ್ಲಿ ಶೇಕು ಟೊರಾಂಟೊದಲ್ಲಿ ಕಛೇರಿ ಮಾಡಬೇಕಿತ್ತು. ಚೆಲ್ಲೋಗೆ ಸೀಟು ಕಾದಿರಿಸಿದ್ದರೂ ವಿಮಾನದವರು ಹತ್ತಿಸಿಕೊಳ್ಳಲಿಲ್ಲ, ಕಛೇರಿ ರದ್ದಾಯಿತು. ಕೋಳಿಗೆ ಅರ್ಧ ಟಿಕೆಟ್ ಹರಿದ ನಮ್ಮ ಕೆಂಪು ಬಸ್ಸಿನ ಕಂಡಕ್ಟರನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಜನ ನಕ್ಕಿದ್ದರು. ನಾನು ಈಗ ನಗುವುದಿಲ್ಲ. ಕೂಗಾಡಿದರೂ ಸರಿ, ಆತ ಟಿಕೆಟ್ ಕೊಟ್ಟವನನ್ನು ಕೋಳಿ ಸಮೇತ ಊರು ಮುಟ್ಟಿಸುತ್ತಾನೆ.

ಅಮೆರಿಕದ ಲಿನ್ ಹ್ಯಾರೆಲ್ ಎಂಬ ಹಿರಿಯ ವಾದಕರದು ಇನ್ನೂ ಸೊಗಸಾದ ಕಥೆ. ವರ್ಷಗಟ್ಟಲೆ ಚೆಲ್ಲೋಗೆ ಪೂರ್ತಿ ದುಡ್ಡು ಕೊಟ್ಟು ಹಾರಿದವರು, ಪದೇ ಪದೇ ಹಾರುವವರಿಗೆ ವಿಮಾನ ಕಂಪನಿ ಕೊಡುವ ಬಹುಮಾನದ ಮೈಲುಗಳ ಖಾತೆಯನ್ನು ಚೆಲ್ಲೋ ಹೆಸರಿನಲ್ಲೂ ತೆರೆದರು. ನ್ಯಾಯವೇ ತಾನೆ? ಆಸಾಮಿ ಗಲಾಟೆ ಮಾಡಲಿಲ್ಲ, ಕುಡಿಯಲಿಲ್ಲ, ಎರಡನೇ ಸಲ ಕಂಬಳಿ ಕೇಳಲಿಲ್ಲ. ಕಂಪನಿ 2012ರಲ್ಲಿ ಹ್ಯಾರೆಲ್ ಮತ್ತು ಮಿಸ್ಟರ್ ಚೆಲ್ಲೋ ಇಬ್ಬರನ್ನೂ ಯೋಜನೆಯಿಂದ ಹೊರಹಾಕಿತು. ದುಡ್ಡು ಎಣಿಸುವಾಗ ಪ್ರಯಾಣಿಕ, ಮೈಲು ಕೊಡುವಾಗ ಮರ.

ಹಾಗಾದರೆ ನೆಲದ ಮೇಲೇ ಓಡಾಡಲಿ ಎನ್ನಬೇಡಿ. ಶೇಕು ಹುಟ್ಟಿದ ವರ್ಷವೇ ಹೆಸರಾಂತ ಚೆಲ್ಲೋ ವಾದಕ ಯೋ-ಯೋ ಮಾ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಇಳಿದರು. 1733ರ ಚೆಲ್ಲೋ ಡಿಕ್ಕಿಯಲ್ಲೇ ಉಳಿಯಿತು. ಬೆಲೆ ಸುಮಾರು 25 ಲಕ್ಷ ಡಾಲರ್. ಪೊಲೀಸರು ಅಂದೇ ಹುಡುಕಿ ತಂದರು, ಸಂಜೆಯ ಕಛೇರಿಯೂ ನಡೆಯಿತು. ನಾವು ಆಟೋದಲ್ಲಿ ಕೊಡೆ ಮರೆತರೆ ಸಿಗದು, ಅದು ಬೇರೆ ಮಾತು. ನನಗೆ ಸೋಜಿಗವೆಂದರೆ ಆಳುದ್ದದ ವಸ್ತುವನ್ನೂ ಮರೆಯಲು ಸಾಧ್ಯ ಎಂಬುದು. ಅಷ್ಟು ವರ್ಷ ಜೊತೆಯಲ್ಲಿದ್ದರೆ ಹಾಗಾಗುತ್ತದೇನೋ. ನನ್ನ ಹೆಂಡತಿ ಈ ಬಗ್ಗೆ ನನಗಿಂತ ಖಚಿತವಾಗಿ ಹೇಳಬಲ್ಲಳು.

ಇದ್ದದ್ದರಲ್ಲಿ ಜಾಣೆ ಶೇಕುವಿನ ಅಕ್ಕ ಇಸಾಟಾ. ಅವಳದು ಪಿಯಾನೋ, ಹೋದಲ್ಲೆಲ್ಲ ಸಭಾಂಗಣದವರೇ ಒರೆಸಿ, ಶ್ರುತಿ ಮಾಡಿಸಿ ಇಟ್ಟಿರುತ್ತಾರೆ. ಕೈಬೀಸಿಕೊಂಡು ಹೋಗಿ ಕೂತರಾಯಿತು. ಅಣ್ಣ ಬ್ರೈಮಾನ ಪಿಟೀಲು ತಲೆಯ ಮೇಲಿನ ಗೂಡಿಗೆ ಹೋಗುತ್ತದೆ. ಮನೆಯಲ್ಲೇ ಇಷ್ಟು ಪಾಠವಿರುವಾಗ ಚಿಕ್ಕವರು ಹುಷಾರಾಗಬೇಕಿತ್ತು. ಜಗತ್ತಿನಲ್ಲಿ ಕೊಳಲಿದೆ, ಜೇಬಿನಲ್ಲಿ ಹಿಡಿಯುವ ಮೌತ್ ಆರ್ಗನ್ ಇದೆ, ಏನೂ ಹೊರದೆ ಹಾಡಿಕೊಂಡು ತಿರುಗುವ ದಾರಿಯೂ ಇದೆ. ಏಳನೆಯವಳು ಮರಿಯಾಟು, ಅಣ್ಣ ಆ ಪೆಟ್ಟಿಗೆ ಹೊತ್ತು ಓಡಾಡುವುದನ್ನು ಕಣ್ಣಾರೆ ನೋಡಿಯೇ ಬೆಳೆದವಳು. ಅವಳು ಆರಿಸಿಕೊಂಡದ್ದೂ ಚೆಲ್ಲೋವನ್ನೇ.