ಶ್ವಾನಶಷ್ಪ ಮೀಮಾಂಸೆ, ಅರ್ಥಾತ್ ಬೇಗಂ ಬಜಾರಿನ ಸಂದಿಯಲ್ಲಿ ನಾಯಿಗೊಂದು ಹುಲ್ಲುಹಾಸು

1. ಕ್ಷೇತ್ರನಿರ್ಣಯ

ಯಾವ ಶಾಸ್ತ್ರವಾದರೂ ತಾನು ಚರ್ಚಿಸಹೊರಟ ವಸ್ತು ಲೋಕದಲ್ಲಿ ಇದೆಯೆಂದು ಮೊದಲು ಸಾಧಿಸಿ ತೋರಿಸಬೇಕು. ನಮಗೆ ಇಲ್ಲೇ ಮೊದಲ ಗಂಡಾಂತರ. ಹೈದರಾಬಾದಿನ ಬೇಗಂ ಬಜಾರಿನಲ್ಲಿ ಮನೆಯ ಪಕ್ಕದ ಅಂಗಳವೆಂಬ ಪದಾರ್ಥ ಉಂಟೆ? ಎರಡನೆಯ ಅಸಫ್ ಜಾಹ್ ನಿಜಾಂ ಅಲಿ ಖಾನನ ಬೇಗಂ ಈ ಜಾಗವನ್ನು ವರ್ತಕರಿಗೆ ಬಿಟ್ಟುಕೊಟ್ಟಳೆಂದು ಪ್ರತೀತಿ. ಕೊಟ್ಟದ್ದರಲ್ಲಿ ಒಂದಂಗುಲವನ್ನೂ ವರ್ತಕರು ವ್ಯರ್ಥ ಮಾಡಲಿಲ್ಲ. ಬಾದಾಮಿ, ಏಲಕ್ಕಿ, ಹಿತ್ತಾಳೆ ಹಂಡೆ, ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬಕೆಟ್ಟುಗಳ ನಡುವೆ ಜಾಗ ಉಳಿದಲ್ಲಿ ಮನುಷ್ಯರು ವಾಸಿಸುತ್ತಾರೆ.

ಆದರೂ ಅಣ್ಣತಮ್ಮಂದಿರು ಪಾಲಾದಾಗ ಯಾರ ಪತ್ರದಲ್ಲೂ ಸೇರದೆ ತಪ್ಪಿಸಿಕೊಂಡ 3 ಅಡಿ ಅಗಲ, 20 ಅಡಿ ಉದ್ದದ ಸಂದಿಯೊಂದು ಅಲ್ಲಲ್ಲಿ ಸಿಗುವುದುಂಟು. ಅದರಲ್ಲಿ ನೀರಿನ ಮೋಟಾರು, ಖಾಲಿ ಸಿಲಿಂಡರು, ಚಕ್ರವಿಲ್ಲದ ಸೈಕಲ್ಲು ನೆಲೆಸಿರುತ್ತವೆ. ಪಂಡಿತರು ಇದನ್ನೇ ಅಂಗಳವೆಂದು ಒಪ್ಪಿದ್ದಾರೆ. ಒಪ್ಪದಿದ್ದರೆ ಪ್ರಬಂಧ ಮುಂದುವರಿಯುವುದಿಲ್ಲ.

2. ಪೂರ್ವಸೂರಿಗಳು

ಕನ್ನಡಿಗರಿಗೆ ಶ್ವಾನಗೌರವ ಹೊಸದಲ್ಲ. 949ರ ತಕ್ಕೋಲಂ ಕಾಳಗದ ಸುದ್ದಿ ಹೇಳುವ ಆತಕೂರು ಶಾಸನ ಕಾಳಿಯೆಂಬ ನಾಯಿಯನ್ನೂ ಸ್ಮರಿಸುತ್ತದೆ. ಗಂಗರ ದೊರೆ ಬೂತುಗನಿಂದ ಅವನ ಅನುಚರ ಮಣಲೇರ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಸೆಣಸಿ ಎರಡೂ ಸತ್ತವು. ಕಾಳಿಗೆ ವೀರಗಲ್ಲಾಯಿತು, ಭೂಮಿಯ ದತ್ತಿಯಾಯಿತು, ಪೂಜೆಯ ಏರ್ಪಾಡಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವೂ ಇದೆ. ಹುಲ್ಲುಹಾಸಿನ ವಿಚಾರ ಮಾತ್ರ ಶಾಸನದಲ್ಲೆಲ್ಲೂ ಇಲ್ಲ. ನಾಯಿ ಮಾಡುವ ಪಾಪ ಯಾವುದೆಂಬುದು ನಾಲ್ಕನೆಯ ಅಧಿಕರಣದಲ್ಲಿ ಸ್ಪಷ್ಟವಾಗಲಿದೆ.

ಹುಲ್ಲಿನ ಪರಂಪರೆ ಅಮೆರಿಕದ್ದು. ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣ 1965ರಲ್ಲಿ ತೆರೆಯಿತು. ಚಾವಣಿಯ ಪಾರದರ್ಶಕ ಫಲಕಗಳ ಕಣ್ಣು ಕೋರೈಸುವ ಬೆಳಕಿಗೆ ಆಟಗಾರರಿಗೆ ಚೆಂಡು ಕಾಣಲಿಲ್ಲ. ಫಲಕಕ್ಕೆ ಬಣ್ಣ ಬಳಿದರು, ಚೆಂಡು ಕಂಡಿತು, ಬೆಳಕಿಲ್ಲದೆ ಹುಲ್ಲು ಸತ್ತಿತು. 1966ರಲ್ಲಿ ಮೊನ್ಸಾಂಟೊ ಕಂಪನಿಯ ಪ್ಲಾಸ್ಟಿಕ್ ಹುಲ್ಲು ಹಾಸಿದರು. ನಮ್ಮ ಸಂದಿಗೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ. ಮೂರಂತಸ್ತಿನ ಎರಡು ಗೋಡೆಗಳ ಬುಡಕ್ಕೆ ಬಿಸಿಲು ಬರುವುದು ಊಟದ ಹೊತ್ತಿಗೆ. ಕೈ ತೊಳೆಯುವಷ್ಟರಲ್ಲಿ ಹೋಗಿರುತ್ತದೆ.

3. ದ್ರವ್ಯಸಂಗ್ರಹ

ಹುಲ್ಲು ಹುಡುಕಿಕೊಂಡು ಬಜಾರು ದಾಟಬೇಕಿಲ್ಲ. ಮಂಟಪದ ಝಾಲರಿ, ಪ್ಲಾಸ್ಟಿಕ್ ಸೇವಂತಿಗೆ ಮಾರುವ ಅಂಗಡಿಯಲ್ಲೇ ಹಸಿರು ಸುರುಳಿಯೂ ನಿಂತಿರುತ್ತದೆ. ಅಂಗಡಿಯವನು ಗಿರಾಕಿಯನ್ನು ಕೇಳುವುದು ಒಂದೇ ಪ್ರಶ್ನೆ: “ಉಪ್ಪರ್ ದೂಲಾ ಬೈಠ್ತಾ ಕಿ ಕುತ್ತಾ?” ಮದುಮಗ ಕೂರುವ ಹುಲ್ಲು ಒಂದು ಸಂಜೆ ಬಾಳಿದರೆ ಸಾಕು. ನಾಯಿ ಕೂರುವ ಹುಲ್ಲಿನ ಬೆನ್ನಿಗೆ ತೂತುಗಳಿರಬೇಕು. ಈ ಭೇದವನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಹಿಡಿದ ಸೂತ್ರಕಾರ ಇನ್ನೊಬ್ಬನಿಲ್ಲ.

ಸುರುಳಿಯ ಅಗಲ ಸಾಮಾನ್ಯವಾಗಿ 2 ಮೀಟರ್, ಅಂದರೆ ಆರೂವರೆ ಅಡಿ. ಸಂದಿ 3 ಅಡಿ. ಉಳಿದ ಮೂರೂವರೆ ಅಡಿಯನ್ನು ಏನು ಮಾಡಬೇಕೆಂಬ ಬಗ್ಗೆ ಮತಭೇದವಿದೆ. ಮಾಳಿಗೆಗೆ ಎಂದು ಯಜಮಾನರು, ಗಣಪತಿ ಪೆಂಡಾಲಿಗೆ ಎಂದು ಮಗ, ತಂದದ್ದೇ ತಪ್ಪೆಂದು ಮನೆಯವರು.

4. ವಿಧಿ

ಹುಲ್ಲುಹಾಸಿನಲ್ಲಿ ಹುಲ್ಲು ಗೌಣ, ಇಳಿಜಾರು ಪ್ರಧಾನ. ಇದು ಈ ಗ್ರಂಥದ ಸಿದ್ಧಾಂತ. ಐವತ್ತಕ್ಕೆ ಒಂದರ ಲೆಕ್ಕದಲ್ಲಿ 20 ಅಡಿಗೆ ಸುಮಾರು 5 ಅಂಗುಲ ಇಳಿಯಬೇಕು, ಇಳಿದದ್ದು ಮೋರಿ ಸೇರಬೇಕು. ಹಳೇ ಗಚ್ಚಿನ ಮೇಲೆ ಸಿಮೆಂಟಿನಿಂದ ವಾಟ ಕೊಟ್ಟು, ಎಳೆಗಳೆಲ್ಲ ಒಂದೇ ಕಡೆ ಬಾಗುವಂತೆ ಹುಲ್ಲು ಹಾಸಿ, ಅಂಚನ್ನು ಗೋಡೆಗಿಂತ ಅರ್ಧ ಅಂಗುಲ ಒಳಗೆ ಕತ್ತರಿಸಿ ಅಂಟಿಸಬೇಕು. ಎಳೆಗಳ ನಡುವೆ ಜಿಯೊಲೈಟ್ ಹರಳು ಉದುರಿಸಿದರೆ ವಾಸನೆಯನ್ನು ಒಂದಿಷ್ಟು ಹೀರುತ್ತದೆ.

ವಾಟವಿಲ್ಲದೆ ಹಾಸಿದರೆ? ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ನಿಜವಾದ ಹುಲ್ಲಿಗಾದರೆ ಬೇರುಂಟು, ಮಣ್ಣುಂಟು, ಹೇಗೋ ಅರಗಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ಕು ಯಾವುದನ್ನೂ ಅರಗಿಸಿಕೊಳ್ಳದೆ ಕಾಪಿಟ್ಟುಕೊಳ್ಳುತ್ತದೆ. ಮೇ ತಿಂಗಳ ಸೆಕೆಯಲ್ಲಿ ಕಿಟಕಿ ತೆರೆದ ಗೃಹಸ್ಥನಿಗೆ ಆತಕೂರಿನ ಶಾಪದ ಅರ್ಥ ಯಾವ ಭಾಷ್ಯದ ನೆರವೂ ಇಲ್ಲದೆ ಹೊಳೆಯುತ್ತದೆ.

ಈ ವಾಟದ ಮತಕ್ಕೆ ಆಚಾರ್ಯರು ಕನ್ನಡಿಗರೇ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು, ಬಜಾರಿನ ಮಗ್ಗುಲ ಅಫ್ಜಲ್ ಗಂಜ್ ಸೇರಿ ಊರು ಮುಳುಗಿದಾಗ, ನಿಜಾಂ ಸರ್ಕಾರ ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆ ಜಲಾಶಯ, ಊರೊಳಗೆ ಮೋರಿ ಎಂದು ಅವರು ಯೋಜನೆ ಹಾಕಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂದು ಮೊದಲು ಕೇಳುವುದು ಅವರ ಪದ್ಧತಿ. ಮೇಲುಹಾಸು ಯಾವ ಬಣ್ಣದ್ದೆಂದು ನಾವು ಮೊದಲು ಕೇಳುತ್ತೇವೆ. ಮೂಸಿಗೂ ಪೊಮೆರೇನಿಯನ್‌ಗೂ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ.

5. ಆಕ್ಷೇಪ

ಇಷ್ಟೆಲ್ಲ ಆದ ಮೇಲೆ ನಾಯಿಯ ಅಭಿಪ್ರಾಯ ಕೇಳಬೇಕಾಗುತ್ತದೆ. ಗಂಡುನಾಯಿ ಹೊಸ ಹುಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೂಸಿ, ಎರಡು ಸುತ್ತು ಸುತ್ತಿ, ಗೋಡೆಯ ಬಳಿ ಹೋಗಿ ಕಾಲೆತ್ತಿತು. ಮನುಷ್ಯನ ಕಲ್ಪನೆ ಅಡ್ಡವಾದದ್ದು, ನಾಯಿಯ ಕರ್ಮ ನೆಟ್ಟಗಿನದು. ನೆಲ 60 ಚದರಡಿ. ಎರಡೂ ಗೋಡೆಗಳ ಬುಡದ ಒಂದೊಂದಡಿ ಎತ್ತರವನ್ನು ಹಿಡಿದರೆ ಮತ್ತೆ 40 ಚದರಡಿ. ಉಳಿದ ತುಂಡನ್ನು ಗೋಡೆಗೆ ಹೊಡೆಯಬೇಕೆಂಬ ನವ್ಯಮತ ಹುಟ್ಟಿದ್ದು ಹೀಗೆ. ನವ್ಯರ ವಾದವನ್ನು ಪೂರ್ತಿ ಖಂಡಿಸುವಂತಿಲ್ಲ.

ಅಷ್ಟರಲ್ಲಿ ಬೀದರ್ ಕಡೆಯ ಅಜ್ಜಿ ಹುಲ್ಲಿನ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಾಗಿತ್ತು.

“ಅಜ್ಜಿ, ಅದು ನಾಯಿದು,” ಎಂದ ಮೊಮ್ಮಗ.

“ಅದಕ್ಕ ಬ್ಯಾಡಾಗ್ಯದ, ನನಗ ಇರ್ಲಿ ಬಿಡೋ. ಮೆತ್ತಗ ಅದ.”

6. ಫಲಶ್ರುತಿ

ಇದನ್ನು ಓದಿದವರಿಗೆ ವಾಟ ಸಿದ್ಧಿಸಲಿ. ಪಕ್ಕದ ಮನೆಯವರಿಗೆ ಓದಿ ಹೇಳಿದವರಿಗೆ ಅವರ ನಲ್ಲಿಯಿಂದಲೂ ಎರಡು ಕೊಡ ನೀರು ದೊರೆಯಲಿ. ಓದದೆ ಹಾಸಿದವರ ಮನೆಗೆ ಮೇ ತಿಂಗಳಲ್ಲಿ ಬೀಗರು ಬರಲಿ, ಬಂದವರು ಒಂದು ವಾರ ಉಳಿಯಲಿ.