ಡ್ರೋನ್ ಹಾರಿತು, ವಾರ್ಡ್ ಕಾಣಲಿಲ್ಲ

2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸಿಗೆ ‘ಮುಂಬಯಿ ಮಾಫಿಯಾ’ ಸಾಕ್ಷ್ಯಚಿತ್ರ ಬಂತು. ನೋಡಿ ಮುಗಿಸಿದ ಕಾರ್ಕಳದ ಮಾವ ಮುಂಬಯಿಯಲ್ಲಿರುವ ನನಗೆ ರಾತ್ರಿಯೇ ಫೋನ್ ಮಾಡಿದರು: ‘ಎಂತ ಮಾರಾಯ, ಅಲ್ಲಿ ಮನೆಯಿಂದ ಹೊರಗೆ ಕಾಲಿಡ್ಲಿಕ್ಕೆ ಉಂಟಾ?’

‘ಕಾಲಿಡ್ಲಿಕ್ಕೆ ಉಂಟು ಮಾವ. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲಿನಲ್ಲಿ ಎರಡೂ ಕಾಲು ಒಟ್ಟಿಗೆ ಇಡ್ಲಿಕ್ಕೆ ಮಾತ್ರ ಇಲ್ಲ.’

ಅವರು ನಗಲಿಲ್ಲ. ನಗುವಂಥದ್ದೂ ಅಲ್ಲ ಬಿಡಿ. 1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ ಸತ್ತವರು 257 ಮಂದಿ. ಲೋಕಲ್ ರೈಲಿನ ಹಳಿಗಳು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನುಂಗುತ್ತವೆ. ಆದರೆ ಹಳಿಗೆ ಡಾನ್ ಇಲ್ಲ, ದುಬೈ ನಂಟಿಲ್ಲ, ಹಿನ್ನೆಲೆ ಸಂಗೀತ ಹೊಂದುವುದಿಲ್ಲ.

ಇಂಥ ಚಿತ್ರಗಳಿಗೆ ಭಟ್ಟರ ಸಾರಿನ ಹಾಗೆ ಅಳತೆ ನಿಗದಿ: ಮುಖದ ಅರ್ಧಕ್ಕೆ ಕತ್ತಲೆ ಬಿದ್ದ ಮಾಜಿ ಅಧಿಕಾರಿ ಒಬ್ಬರು, ಪುಸ್ತಕ ಬರೆದ ಕ್ರೈಂ ವರದಿಗಾರ ಒಬ್ಬರು, ಮಳೆಯಲ್ಲಿ ನೆನೆಯುವ ಕಾಲಿಪೀಲಿ ಟ್ಯಾಕ್ಸಿ ಒಂದು, ಮೇಲಿಂದ ಡ್ರೋನ್. ಕಥೆ 1991ರ ಲೋಖಂಡವಾಲಾ ಗುಂಡಿನ ಕಾಳಗದ್ದಾದರೂ ಡ್ರೋನ್ 2009ರಲ್ಲಿ ತೆರೆದ ಸೀ ಲಿಂಕನ್ನು ಒಂದು ಸುತ್ತು ಹಾಕಲೇಬೇಕು!

‘ಮುಂಬಯಿ ಮಾಫಿಯಾ’ದಲ್ಲಿ ಎನ್‌ಕೌಂಟರ್ ಖ್ಯಾತಿಯ ಮಾಜಿ ಪೊಲೀಸ್ ಅಧಿಕಾರಿ ಪ್ರದೀಪ್ ಶರ್ಮಾ ನಿರಾಳವಾಗಿ ಮಾತಾಡುತ್ತಾರೆ. 2019ರಲ್ಲಿ ಅವರು ಶಿವಸೇನೆಯಿಂದ ನಾಲಾಸೋಪಾರಾದಲ್ಲಿ ನಿಂತು ಸೋತಿದ್ದರು. ಚಿತ್ರ ಬಂದ ಮರುವರ್ಷ, 2024ರ ಮಾರ್ಚ್‌ನಲ್ಲಿ, 2006ರ ಲಖನ್ ಭಯ್ಯಾ ನಕಲಿ ಎನ್‌ಕೌಂಟರ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಪಿಸ್ತೂಲಿನಿಂದ ಮತಪೆಟ್ಟಿಗೆಗೆ, ಅಲ್ಲಿಂದ ಕಟಕಟೆಗೆ. ಚಿತ್ರದಲ್ಲಿ ನಗರ ರಾಜಕೀಯವೂ ಬೇಕೆನ್ನುವವರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ಮಾವನಿಗೆ ಎನ್‌ಕೌಂಟರ್ ಎಂದರೆ ಒಳಗೊಳಗೇ ಹೆಮ್ಮೆಯೂ ಉಂಟು. ಎನ್‌ಕೌಂಟರಿಗೇ ಹೆಸರಾದ ದಯಾ ನಾಯಕ್ ಮಾವನ ಊರ ಕಡೆಯವರು, ಎಣ್ಣೆಹೊಳೆಯವರು. ಮುಂಬಯಿಯ ಹೋಟೆಲಿನಲ್ಲಿ ದುಡಿದು, ಓದಿ, ಪೊಲೀಸ್ ಆದವರು. ಹಗಲೆಲ್ಲ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಓದಿದ ನಮ್ಮ ಮಾಣಿಗಳು ಈ ಊರಲ್ಲಿ ಎಷ್ಟೋ ಜನ. 1960ರ ದಶಕದಲ್ಲಿ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂದು ಶಿವಸೈನಿಕರು ಉಡುಪಿ ಹೋಟೆಲುಗಳ ಮೇಲೆ ಬಿದ್ದಾಗ ಗಾಜು ಗುಡಿಸಿದವರೂ ಅವರೇ. ಆದರೆ ಕ್ಯಾಮೆರಾ ಹುಡುಕುವುದು ಪಿಸ್ತೂಲು ಹಿಡಿದ ಮಾಣಿಯನ್ನು ಮಾತ್ರ.

ಇನ್ನೊಂದು ತಮಾಷೆ. ಈ ಚಿತ್ರ ಬಂದಾಗ ಮುಂಬಯಿ ಪಾಲಿಕೆಯ 227 ವಾರ್ಡುಗಳಲ್ಲಿ ಒಬ್ಬನೇ ಒಬ್ಬ ನಗರಸೇವಕ ಇರಲಿಲ್ಲ! ಯಾರೂ ಅಪಹರಿಸಿರಲಿಲ್ಲ, 2022ರ ಮಾರ್ಚ್‌ನಲ್ಲಿ ಅವಧಿ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಚಿತ್ರ ಬಂದ ಮರು ತಿಂಗಳು 52 ಸಾವಿರ ಕೋಟಿ ರೂಪಾಯಿ ಮೀರಿದ ಪಾಲಿಕೆ ಬಜೆಟ್ಟು ಮಂಡಿಸಿದವರೂ ಅಧಿಕಾರಿಗಳು, ಒಪ್ಪಿದವರೂ ಅಧಿಕಾರಿಗಳು. ಇಷ್ಟು ದೊಡ್ಡ ಮೊತ್ತ ಒಂದೂ ಗುಂಡು ಹಾರದೆ ಕೈದಾಟಿದ ಕಥೆ ಹಳೆಯ ಭಾಯಿಗಳಿಗೆ ಹೇಳಿದರೆ ಹೊಟ್ಟೆ ಉರಿದುಕೊಂಡಾರು.

ಹಾಗಂತ ಬೇರೆ ಬಗೆಯ ಚಿತ್ರ ಮಾಡಿದವರಿಲ್ಲವೆ? ಆನಂದ್ ಪಟವರ್ಧನ್ ಇದ್ದಾರಲ್ಲ. ಅವರ 1995ರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ದೂರದರ್ಶನ ಮಾತ್ರ ತೋರಿಸಲೊಲ್ಲೆ ಎಂದಿತು. ತೋರಿಸಿ ಎಂದು ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ 2006 ಬಂದಿತ್ತು. ಅದಕ್ಕೂ ಮೊದಲಿನ ‘ಹಮಾರಾ ಶಹರ್’ (1985) ಜೋಪಡಿ ಕೆಡಹುವ ಪಾಲಿಕೆಯ ಹಿಂದೆ ಹೋಗುತ್ತದೆ. ಅದರಲ್ಲಿ ಬೀದಿಗೆ ಬಿದ್ದ ಹೆಂಗಸೊಬ್ಬಳು ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಬಡವರ ಫೋಟೋ ತೆಗೆದು ನೀವು ಹೆಸರು ಮಾಡುತ್ತೀರಿ, ನಮಗೇನು ಸಿಕ್ಕಿತು? ಪಟವರ್ಧನ್ ಆ ಬೈಗುಳವನ್ನು ಕತ್ತರಿಸದೆ ಹಾಗೇ ಇಟ್ಟರು.

ಈಗಿನ ಡ್ರೋನ್ ಸ್ವಾಮಿಗಳೂ ಒಮ್ಮೆ ಕೆಳಗಿಳಿದು ಹೀಗೆ ಬೈಸಿಕೊಳ್ಳಲಿ. ಆಮೇಲೆ ಸೀ ಲಿಂಕನ್ನು ಬೇಕಾದಷ್ಟು ಸುತ್ತು ಹಾಕಲಿ, ನನ್ನದೇನೂ ತಕರಾರಿಲ್ಲ.