ಕುಕ್ಕರಿನೊಡನೆ ಕಣಿವೆಗೆ

ಅಮೆರಿಕದ ಕನ್ನಡಿಗರ ಮನೆಯಲ್ಲಿ ಯುಗಾದಿಗೆ ಬೇವು ಸಿಗದೆ ಹೋಗಬಹುದು, ಮಕ್ಕಳ ವಸಂತ ರಜೆ ಮಾತ್ರ ತಪ್ಪದೆ ಬರುತ್ತದೆ. ರಜೆ ಒಂದು ವಾರದ್ದು. ಅದರ ಬಗೆಗಿನ ಚರ್ಚೆಗೆ ಇಡೀ ಚಳಿಗಾಲ ಬೇಕು. ಈ ಸಲ ನಮ್ಮ ಊಟದ ಮೇಜಿಗೆ ಬಂದದ್ದು ಯೂಟಾ ರಾಜ್ಯದ ಕೆಂಪು ಕಣಿವೆಗಳ ಪ್ರಸ್ತಾಪ. ಊರಿಂದ ಬಂದಿದ್ದ ಅಪ್ಪ–ಅಮ್ಮನೂ ಸಭೆಯಲ್ಲಿದ್ದರು.

ಯೂಟಾದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಜಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡುಗಳನ್ನು ಒಂದೇ ಟೆಂಪೋದಲ್ಲಿ, ಒಂದೇ ವಾರಾಂತ್ಯದಲ್ಲಿ ಮುಗಿಸಿ ಬಂದ ವೀರ ನಮ್ಮಪ್ಪ. ಐದನ್ನೂ ನೋಡದೆ ಬರುವುದೆಂದರೆ ಅವರ ಲೆಕ್ಕದಲ್ಲಿ ಪ್ರಸಾದ ಬಿಟ್ಟು ಬಂದಂತೆ. ಜಾಯನ್‌ನಿಂದ ಆರ್ಚಸ್‌ಗೆ ಕಾರಿನಲ್ಲಿ ಐದು ಗಂಟೆ ಎಂದೆ. "ಹಾಸನದಿಂದ ಹೊರಟರೆ ಅಷ್ಟರಲ್ಲಿ ಸೇವೆಯೂ ಆಗಿರುತ್ತೆ" ಎಂದರು. ದೇವರ ದರ್ಶನ ನಿಂತಲ್ಲೇ ಆಗುತ್ತದೆ, ಕಣಿವೆಯ ದರ್ಶನಕ್ಕೆ ನಡೆಯಬೇಕು ಎಂಬುದು ಅವರ ತಲೆಗೆ ಇಳಿಯಲೇ ಇಲ್ಲ.

ನಡಿಗೆಯ ಮಾತು ಬಂದ ಕೂಡಲೇ ಮಗ ಎದ್ದು ಕೂತ. ಅವನಿಗೆ ಜಾಯನ್‌ನ 'ಏಂಜಲ್ಸ್ ಲ್ಯಾಂಡಿಂಗ್' ಆಗಬೇಕು. ಕಣಿವೆಯ ತಳದಿಂದ ಸುಮಾರು 1,500 ಅಡಿ ಮೇಲೆ, ಎರಡೂ ಕಡೆ ಪ್ರಪಾತವಿರುವ ಬಂಡೆಯ ಏಣು, ಹಿಡಿದುಕೊಳ್ಳಲು ಸರಪಳಿ. 2022ರ ಏಪ್ರಿಲ್‌ನಿಂದ ಅಲ್ಲಿಗೆ ಹತ್ತಲು ಲಾಟರಿಯಲ್ಲಿ ಪರವಾನಗಿ ಗೆಲ್ಲಬೇಕು. ಬೀಳುವ ಜಾಗಕ್ಕೆ ಹೋಗಲೂ ಲಾಟರಿಯೇ ಎಂದು ಅಮ್ಮ ಬೆರಗಾದಳು. ನನ್ನ ಹೆಂಡತಿಗೆ ಎರಡನೇ ಮಹಡಿಯ ಬಾಲ್ಕನಿಯಲ್ಲೇ ತಲೆ ಸುತ್ತುತ್ತದೆ. ಲಾಟರಿ ಬರದಿರಲಿ ಎಂದು ಅವಳು ಯಾರಿಗೋ ಹರಕೆ ಹೊತ್ತಿದ್ದಾಳೆ ಎಂಬ ಗುಮಾನಿ ನನಗಿದೆ. ಹೋಗಲಿ, ವರ್ಜಿನ್ ನದಿಯ ನೀರಲ್ಲೇ ಕಾಲಿಟ್ಟು ನಡೆಯುವ 'ನ್ಯಾರೋಸ್' ಇದೆಯಲ್ಲ ಎಂದ ಮಗ. ವಸಂತದಲ್ಲಿ ಮೇಲಿನ ಹಿಮ ಕರಗಿ ನದಿ ತುಂಬುತ್ತದೆ. ಸೆಕೆಂಡಿಗೆ 150 ಘನ ಅಡಿ ದಾಟಿದರೆ ದಾರಿ ಮುಚ್ಚುತ್ತಾರೆ. ಉಳಿದದ್ದು ನದಿಯ ಪಕ್ಕದ ಸಿಮೆಂಟು ಹಾದಿ, ಹೋಗಿ ಬರಲು ಎರಡು ಮೈಲಿ ಚಿಲ್ಲರೆ. ಅಪ್ಪನ ಮೊಣಕಾಲಿಗೆ ಅದು ಒಪ್ಪಿಗೆಯಾಯಿತು.

ಇನ್ನು ಸಾಮಾನಿನ ಪಟ್ಟಿ. ಏಪ್ರಿಲ್‌ನಲ್ಲಿ ಮರುಭೂಮಿ ಎಂದರೆ ಹತ್ತಿ ಅಂಗಿ ಸಾಕೆಂದುಕೊಂಡವರಿಗೆ ಬ್ರೈಸ್ ಪಾಠ ಕಲಿಸುತ್ತದೆ. ಜಾಯನ್ ಕಣಿವೆ ಇರುವುದು 4,000 ಅಡಿಯಲ್ಲಿ, ಬ್ರೈಸ್‌ನ ಅಂಚು 8,000 ಅಡಿಗೂ ಮೇಲೆ. ಒಂದೇ ದಿನ ಬೆವರಿ, ಅಂದೇ ರಾತ್ರಿ ನಡುಗಬಹುದು. ಆ ನಡುಕವೇ ಅಲ್ಲಿನ ಶಿಲ್ಪಿ: ಬಿರುಕಿನೊಳಗೆ ಹೊಕ್ಕ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ, ವರ್ಷಕ್ಕೆ ನೂರಾರು ಸಲ ಹೀಗಾಗಿ ಬಂಡೆ ಒಡೆದು 'ಹೂಡೂ' ಎಂಬ ಕಂಬಗಳು ನಿಲ್ಲುತ್ತವೆ. ಫೋಟೋ ನೋಡಿದ ಅಮ್ಮ, "ಬಣ್ಣ ಬಾದಾಮಿದೇ, ಗುಹೆ ಕೊರೆಯೋರು ಸಿಕ್ಕಿಲ್ಲ ಅಷ್ಟೆ" ಎಂದಳು. ಬಾಗಲಕೋಟೆ ಜಿಲ್ಲೆಯವಳು, ಕೆಂಪು ಕಲ್ಲಿನ ವಿಷಯದಲ್ಲಿ ಯಾರ ಸರ್ಟಿಫಿಕೇಟೂ ಅವಳಿಗೆ ಬೇಡ.

ಅವಳ ಪಟ್ಟಿಯ ಮೊದಲ ಸಾಮಾನು ಪ್ರೆಷರ್ ಕುಕ್ಕರ್. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಇದೆಯಲ್ಲಮ್ಮಾ, ಮೋಟೆಲಿನಲ್ಲಿ ಪ್ಲಗ್ ಹಾಕಿದರಾಯಿತು ಎಂದು ನಾವೆಲ್ಲ ನಕ್ಕೆವು. ಆದರೆ 8,000 ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕುದಿತದ ಗದ್ದಲವೇನೋ ಇರುತ್ತದೆ, ಬೇಳೆ ಬೇಯುವುದಿಲ್ಲ. ಒತ್ತಡ ಹೆಚ್ಚಿಸಿ ಕುದಿಬಿಂದು ಏರಿಸುವ ಸೀಟಿ ಕುಕ್ಕರೇ ಅಲ್ಲಿ ಸರಿ. ಭೌತಶಾಸ್ತ್ರ ಅಮ್ಮನ ಕಡೆಗಿತ್ತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಅದರ ಹಿಂದೆಯೇ ಡಿಕ್ಕಿ ಸೇರಿದವು. ನೀರಿನ ಕ್ಯಾನುಗಳಿಗೆ ಜಾಗ ಮಾಡಲು ನನ್ನ ಟ್ರೈಪಾಡ್ ಇಳಿಯಿತು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಗಡಿಯಾರ. ನಮ್ಮ ಪಟ್ಟಿಗೆ ಸೇರಿದ್ದ ಆಂಟೆಲೋಪ್ ಕಣಿವೆ ಪಕ್ಕದ ಅರಿಜೋನಾ ರಾಜ್ಯದ ಪೇಜ್ ಊರಿನ ಹೊರಗೆ, ನವಾಹೋ ಜನರ ನೆಲದಲ್ಲಿದೆ. ಅವರ ಮಾರ್ಗದರ್ಶಿಯಿಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ, ಟಿಕೆಟಿಗೆ ನಿಗದಿತ ವೇಳೆ. ಮಾರ್ಚ್‌ನಲ್ಲಿ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಅರಿಜೋನಾ ಇಡುವುದಿಲ್ಲ. ಅರಿಜೋನಾದೊಳಗಿನ ನವಾಹೋ ನಾಡು ಇಡುತ್ತದೆ. ನವಾಹೋ ನಾಡು ಸುತ್ತುವರಿದ ಹೋಪಿ ಜನರ ನೆಲ ಮತ್ತೆ ಇಡುವುದಿಲ್ಲ. ಇಷ್ಟಾದ ಮೇಲೆ, ನವಾಹೋ ನೆಲದ ಈ ಕಣಿವೆಯ ಪ್ರವಾಸಗಳು ನಡೆಯುವುದು ಅರಿಜೋನಾ ಸಮಯಕ್ಕೆ! ಮೊಬೈಲು ಯಾವ ಟವರಿಗೆ ತಗುಲಿಕೊಂಡರೆ ಆ ಹೊತ್ತು ತೋರಿಸುತ್ತದೆ. "ಹಾಗಾದ್ರೆ ರಾಹುಕಾಲ ಯಾವ ಲೆಕ್ಕದಲ್ಲಿ ನೋಡೋದು?" ಎಂದು ಅಪ್ಪ ಕೇಳಿದರು. ಸೂರ್ಯೋದಯದ ಲೆಕ್ಕದಲ್ಲಿ ಎಂದು ಅವರೇ ಉತ್ತರಿಸಿಕೊಂಡರು. ಅಲ್ಲಿಯವರೆಗಿನ ಚರ್ಚೆಯಲ್ಲಿ ಅಷ್ಟು ಖಚಿತವಾದ ಮಾತು ಬೇರೊಂದಿರಲಿಲ್ಲ.

ಐದು ಕ್ಷೇತ್ರಗಳ ಹಟವನ್ನು ಅಪ್ಪ ಬಿಟ್ಟದ್ದು ಅರಿಜೋನಾದಲ್ಲೇ ಇರುವ ಗ್ರ್ಯಾಂಡ್ ಕ್ಯಾನ್ಯನ್ ನಕ್ಷೆ ಬಿಚ್ಚಿದಾಗ. ಅಲ್ಲಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಎಂಬ ಹೆಸರುಗಳಿವೆ. 1882ರಲ್ಲಿ ಈ ಕಣಿವೆಯ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ಪೂರ್ವದೇಶದ ದೇವರುಗಳ ಮೇಲೆ ಒಲವು. ಅವನು ಹಾಕಿಕೊಟ್ಟ ರೂಢಿ ಮುಂದುವರಿಯಿತು. ಕಣಿವೆಯ ತಳದ ಕಪ್ಪು ಬಂಡೆಗೂ ವಿಷ್ಣುವಿನದೇ ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ. ಇದನ್ನು ಕೇಳಿದ್ದೇ ತಡ, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್ ಮೂರನ್ನೂ ಅಪ್ಪ ತಾವೇ ಪೆನ್ನಿನಿಂದ ಹೊಡೆದುಹಾಕಿದರು. ಮಗ ಮಾತ್ರ ಒಂದೇ ದಿನದಲ್ಲಿ ಕೊಲರಾಡೊ ನದಿಗಿಳಿದು ಹತ್ತಿ ಬರುತ್ತೇನೆ ಎಂದು ಇನ್ನೂ ವಾದಿಸುತ್ತಿದ್ದಾನೆ. ಬೇಡವೆಂದು ಉದ್ಯಾನದವರೇ ಹಲಗೆ ಹಾಕಿದ್ದಾರೆ. ನಮ್ಮ ಬೆಟ್ಟಗಳಲ್ಲಿ ದಣಿವಾದರೆ ಅರ್ಧದಿಂದ ಇಳಿದುಬಿಡಬಹುದು. ಇಲ್ಲಿ ಇಳಿಯುವುದು ಮೊದಲು, ದಣಿದ ಮೇಲೆ ಹತ್ತುವುದು.

ನೀವೂ ಏಪ್ರಿಲ್‌ನಲ್ಲಿ ಹೊರಡುವವರಾದರೆ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ದಂಡೆಯಲ್ಲೇ ಕೋಣೆ ಹುಡುಕಿ. ಉತ್ತರ ದಂಡೆಯ ರಸ್ತೆ ಆಗಿನ್ನೂ ಹಿಮದ ಋತುವಿಗೆಂದು ಮುಚ್ಚಿರುತ್ತದೆ. ವಿಷ್ಣು ಟೆಂಪಲ್ ದಕ್ಷಿಣದಿಂದಲೂ ಕಾಣುತ್ತದೆ.